ಗೆಳೆಯನಿಗೊಂದು ಪತ್ರ: ಅರವತ್ತೈದು ಸಲ ಸತ್ತವನ ಕಸುಬು

ಪ್ರೀತಿಯ ಗೆಳೆಯಾ,

ನಾಯಕನ ಕೈಲಿ ಒದೆ ತಿಂದು ಸಾಯುವ ಪಾತ್ರಗಳನ್ನೇ ನಂಬಿಕೊಂಡು ಒಬ್ಬ ನಟ ಬದುಕು ಕಟ್ಟಿಕೊಳ್ಳಲು ಆಗುತ್ತದೆಯೇ ಅಂತ ಕೇಳಿದ್ದೆಯಲ್ಲ, ಆಗುತ್ತದೆ ಕಣೋ. ಹಾಲಿವುಡ್‌ನ ಖಳನಟ ಡ್ಯಾನಿ ಟ್ರೆಹೋ ಕಟ್ಟಿಕೊಂಡಿದ್ದಾನೆ. 1985ರಿಂದ ಈಚೆಗೆ ಸಿನಿಮಾ, ಟೀವಿ ಎಲ್ಲಾ ಸೇರಿ 400ಕ್ಕೂ ಹೆಚ್ಚು ಪಾತ್ರ. ತೆರೆಯ ಮೇಲೆ ಯಾರು ಎಷ್ಟು ಸಲ ಸತ್ತಿದ್ದಾರೆ ಅಂತ ಕೆಲವರು ಕೂತು ಲೆಕ್ಕ ಹಾಕಿದಾಗ ಇವನದು 65 ಸಾವು, ಎಲ್ಲರಿಗಿಂತ ಮೇಲೆ. ಮೊಡವೆ ಕಲೆಗಳಿಂದ ಒರಟಾದ ಮುಖ, ಇಳಿಬಿದ್ದ ಮೀಸೆ, ಭುಜ ಮುಟ್ಟುವ ಕೂದಲು, ಎದೆ ತುಂಬ ದೊಡ್ಡ ಟೋಪಿಯ ಮೆಕ್ಸಿಕನ್ ಹೆಂಗಸಿನ ಹಚ್ಚೆ. ಆ ಮುಖ ನೋಡಿಯೇ ಕೆಲಸ ಸಿಕ್ಕಿತು ಎನ್ನುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಮುಖ ನೋಡಿ ಒಂದು ದಿನದ ಕೆಲಸ ಕೊಡುತ್ತಾರೆ. ಎರಡನೇ ದಿನ ಕರೆಯುವುದಕ್ಕೆ ಬೇರೆ ಕಾರಣ ಬೇಕು. ಆ ಬೇರೆ ಕಾರಣಗಳನ್ನೇ ನಿನಗೆ ಬಿಡಿಸಿ ಬರೆಯಬೇಕು ಅನ್ನಿಸಿತು.

ಟ್ರೆಹೋ ಹುಟ್ಟಿದ್ದು 1944ರ ಮೇ 16ರಂದು, ಲಾಸ್ ಏಂಜಲೀಸ್ ಪ್ರದೇಶದಲ್ಲಿ. ಬೆಳೆದದ್ದು ಅದೇ ಊರಿನ ಪಕೋಯ್ಮಾ ಬಡಾವಣೆಯಲ್ಲಿ. ಹುಡುಗನಾಗಿದ್ದಾಗಲೇ ಮಾದಕ ವಸ್ತು, ಆಮೇಲೆ ದರೋಡೆ. 1960ರ ದಶಕದ ಬಹುಪಾಲು ಸ್ಯಾನ್ ಕ್ವೆಂಟಿನ್, ಫೋಲ್ಸಮ್, ಸೊಲೆಡಾಡ್‌ನಂಥ ಕ್ಯಾಲಿಫೋರ್ನಿಯಾದ ಜೈಲುಗಳಲ್ಲೇ ಕಳೆಯಿತು. ಸ್ಯಾನ್ ಕ್ವೆಂಟಿನ್‌ನಲ್ಲಿ ಲೈಟ್‌ವೇಟ್, ವೆಲ್ಟರ್‌ವೇಟ್ ಎರಡೂ ತೂಕದ ವರ್ಗಗಳಲ್ಲಿ ಜೈಲಿನ ಬಾಕ್ಸಿಂಗ್ ಚಾಂಪಿಯನ್. 1968ರಲ್ಲಿ ಸೊಲೆಡಾಡ್ ಜೈಲಿನ ಗಲಭೆಯ ನಂತರ ಒಂಟಿ ಕೋಣೆಗೆ ತಳ್ಳಿದರು. ಮರಣದಂಡನೆಯೇ ಆಗಬಹುದು ಎನ್ನುವ ಭಯವಿತ್ತು. ಅದೇ ವರ್ಷ ಕುಡಿತ, ಮಾದಕ ವಸ್ತು ಎರಡನ್ನೂ ಬಿಟ್ಟ. ಮತ್ತೆ ಮುಟ್ಟಲಿಲ್ಲ. 1969ರಲ್ಲಿ ಹೊರಬಂದ ಮೇಲೆ ವ್ಯಸನ ಬಿಡಲು ಹೆಣಗುವವರ ಜೊತೆ ನಿಲ್ಲುವುದೇ ಅವನ ಕೆಲಸವಾಯಿತು. ಯಾವ ಹೊತ್ತಿನಲ್ಲಿ ಫೋನ್ ಬಂದರೂ ಎದ್ದು ಹೋಗುತ್ತಿದ್ದ. ಸಿನಿಮಾಗೆ ಬಂದದ್ದೂ ಹಾಗೆ ಎದ್ದು ಹೋಗಿಯೇ.

1985ರಲ್ಲಿ ‘ರನ್‌ಅವೇ ಟ್ರೇನ್’ ಚಿತ್ರೀಕರಣ ನಡೆಯುತ್ತಿತ್ತು. ಮೂಲ ಕಥೆ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರದು, ನಿರ್ದೇಶಕ ರಷ್ಯಾದ ಆಂದ್ರೇ ಕೊಂಚಲೋವ್‌ಸ್ಕಿ. ಸೆಟ್‌ನಲ್ಲಿ ಕೊಕೇನ್ ಓಡಾಡುತ್ತಿದೆ, ತಡೆಯಲಾಗುತ್ತಿಲ್ಲ, ಬಂದು ಜೊತೆಗಿರು ಅಂತ ಒಬ್ಬ ಹುಡುಗ ರಾತ್ರಿ ಫೋನ್ ಮಾಡಿದ. ಟ್ರೆಹೋ ಹೋದ. ಅವನನ್ನು ಕಂಡ ಯಾರೋ, ಕೈದಿಯ ಪಾತ್ರದಲ್ಲಿ ಗುಂಪಿನಲ್ಲಿ ನಿಲ್ಲುತ್ತೀಯಾ, ದಿನಕ್ಕೆ 50 ಡಾಲರ್ ಎಂದರು. ಅಷ್ಟರಲ್ಲಿ ಚಿತ್ರಕಥೆಯ ಬರಹಗಾರರಲ್ಲಿ ಒಬ್ಬನಾದ ಎಡ್ವರ್ಡ್ ಬಂಕರ್ ಅವನ ಗುರುತು ಹಿಡಿದ. ಬಂಕರ್ ಕೂಡ ಸ್ಯಾನ್ ಕ್ವೆಂಟಿನ್‌ನ ಹಳೆಯ ಕೈದಿ, ಟ್ರೆಹೋನ ಬಾಕ್ಸಿಂಗ್ ಬಲ್ಲವನು. ನಟ ಎರಿಕ್ ರಾಬರ್ಟ್ಸ್‌ಗೆ ಬಾಕ್ಸಿಂಗ್ ಕಲಿಸು, ದಿನಕ್ಕೆ 320 ಡಾಲರ್ ಎಂದ. ಟ್ರೆಹೋ ಕಲಿಸುತ್ತಿದ್ದುದನ್ನು ನೋಡಿದ ನಿರ್ದೇಶಕ, ರಿಂಗಿನಲ್ಲಿ ರಾಬರ್ಟ್ಸ್ ಎದುರು ನಿಲ್ಲುವ ಪಾತ್ರವನ್ನೂ ಅವನಿಗೇ ಕೊಟ್ಟ.

ಈ 50ರಿಂದ 320ಕ್ಕೆ ಏರಿದ್ದನ್ನು ಅದೃಷ್ಟ ಅಂತ ಬಿಟ್ಟುಬಿಡಬೇಡ. ಗುಂಪಿನಲ್ಲಿ ನಿಲ್ಲುವವನ ಜಾಗಕ್ಕೆ ಇನ್ನೊಬ್ಬನನ್ನು ತಂದು ನಿಲ್ಲಿಸಬಹುದು. ತಾರೆಗೆ ಏನನ್ನಾದರೂ ಕಲಿಸಬಲ್ಲವನ ಜಾಗಕ್ಕೆ ತರಲು ಆಗುವುದಿಲ್ಲ. ನೀನು ಕಳರಿಯನ್ನೋ ಕುಸ್ತಿಯನ್ನೋ ಸರಿಯಾಗಿ ಕಲಿತರೆ, ಪಾತ್ರ ಸಿಗದ ದಿನವೂ ಸೆಟ್‌ನಲ್ಲಿ ನಿನಗೆ ಕೆಲಸವಿರುತ್ತದೆ.

ಆದರೆ ರಿಂಗಿನಲ್ಲಿ ಕಲಿತ ಹೊಡೆತ ಕ್ಯಾಮೆರಾ ಮುಂದೆ ಹಾಗೇ ನಡೆಯುವುದಿಲ್ಲ. ನಿಜವಾದ ಬಾಕ್ಸರ್‌ನ ಹೊಡೆತ ಗಿಡ್ಡ, ನೇರ. ಎದುರಾಳಿಗೆ ಕಾಣಬಾರದು ಅಂತಲೇ ಅವನು ಅದನ್ನು ಕಲಿತಿರುತ್ತಾನೆ. ಸಿನಿಮಾದ ಹೊಡೆತ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣಬೇಕು. ಹಾಗಾಗಿ ಭುಜದಿಂದ ಬೀಸಿ, ಮುಖದಿಂದ ಆರೆಂಟು ಅಂಗುಲ ದೂರದಲ್ಲಿ ಮುಷ್ಟಿಯನ್ನು ಅಡ್ಡ ಹಾಯಿಸಬೇಕು. ಕ್ಯಾಮೆರಾ ಹೊಡೆಯುವವನ ಬೆನ್ನ ಹಿಂದೆಯೋ ಪೆಟ್ಟು ತಿನ್ನುವವನ ಬೆನ್ನ ಹಿಂದೆಯೋ ಇರಬೇಕು, ಆಗ ನಡುವಿನ ಅಂತರ ಮುಚ್ಚಿಹೋಗುತ್ತದೆ. ಕ್ಯಾಮೆರಾ ಎರಡು ಹೆಜ್ಜೆ ಪಕ್ಕಕ್ಕೆ ಜರುಗಿದರೆ ಬಣ್ಣ ಬಯಲು. ಇದರಲ್ಲಿ ಹೆಚ್ಚು ಕೆಡುವುದು ಹೊಡೆಯುವವನಿಂದಲ್ಲ, ತಿನ್ನುವವನಿಂದ. ಮುಷ್ಟಿ ಮುಖದ ನೇರಕ್ಕೆ ಬರುವ ಮೊದಲೇ ತಲೆ ತಿರುಗಿಸಿದರೆ ಆ ಟೇಕ್ ಹೋಯಿತು. ಅರೆಗಳಿಗೆ ತಡವಾದರೂ ಹೋಯಿತು. ಖಳನಟನ ಮೊದಲ ವಿದ್ಯೆ ಹೊಡೆಯುವುದಲ್ಲ, ಸರಿಯಾದ ಕ್ಷಣಕ್ಕೆ ಪೆಟ್ಟು ತಿನ್ನುವುದು. ತಾರೆಗಳು ಇಂಥ ಎದುರಾಳಿಯನ್ನು ನೆನಪಿಟ್ಟುಕೊಂಡು ಮುಂದಿನ ಚಿತ್ರಕ್ಕೂ ಕೇಳಿ ಕರೆಸಿಕೊಳ್ಳುತ್ತಾರೆ, ಏಕೆಂದರೆ ಅವರ ಹೊಡೆತಕ್ಕೆ ತೂಕ ಬರುವುದೇ ಇವನ ಕುತ್ತಿಗೆಯಿಂದ.

ಬೀಳುವುದೂ ಹಾಗೆಯೇ. ಗದ್ದ ಎದೆಗೆ ಒತ್ತಿಕೊಳ್ಳಬೇಕು, ಉಸಿರು ಹೊರಬಿಡುತ್ತ ಬೀಳಬೇಕು, ಕೈ ಊರಬಾರದು. ಊರಿದರೆ ಮುರಿಯುವುದು ಮಣಿಕಟ್ಟು. ಮೈ ಮೊದಲು ನೆಲ ಮುಟ್ಟಬೇಕಾದದ್ದು ಸೊಂಟದ ಮಾಂಸಲ ಭಾಗದಿಂದ ಇಲ್ಲವೇ ಭುಜದ ಹಿಂಬದಿಯಿಂದ. ಕಾಸ್ಟ್ಯೂಮ್‌ನವರಿಗೆ ಮೊದಲೇ ಹೇಳಿ ನಿನ್ನ ಅಳತೆಗಿಂತ ಒಂದು ಸೈಜ್ ದೊಡ್ಡ ಪ್ಯಾಂಟು, ಅಂಗಿ ತರಿಸಿಕೋ. ಒಳಗೆ ಮೊಣಕಾಲು, ಮೊಣಕೈ, ಸೊಂಟದ ಪ್ಯಾಡ್ ಕೂರಬೇಕಲ್ಲ. ಮೈಗಂಟಿದ ಬಟ್ಟೆ ಕೊಟ್ಟ ದಿನ ಪ್ಯಾಡ್ ಇಲ್ಲದೆ ಬೀಳಬೇಕಾಗುತ್ತದೆ, ಇಪ್ಪತ್ತು ಸಲ ಬಿದ್ದ ಮೇಲೆ ರಾತ್ರಿ ಗೊತ್ತಾಗುತ್ತದೆ.

ಮೊದಲ ಹತ್ತು ವರ್ಷ ಟ್ರೆಹೋನ ಎಷ್ಟೋ ಪಾತ್ರಗಳಿಗೆ ಹೆಸರೇ ಇರಲಿಲ್ಲ. ಕೈದಿ, ಗ್ಯಾಂಗಿನವನು, ಹಚ್ಚೆಯವನು. 1987ರಲ್ಲಿ ಚಾರ್ಲ್ಸ್ ಬ್ರಾನ್ಸನ್ ಎದುರು, 1989ರಲ್ಲಿ ಸ್ಟಲೋನ್ ಇದ್ದ ಜೈಲಿನ ಚಿತ್ರದಲ್ಲಿ, 1990ರಲ್ಲಿ ಸ್ಟೀವನ್ ಸಿಗಾಲ್ ಎದುರು. ಒಂದೇ ಅಚ್ಚಿಗೆ ಬೀಳುತ್ತಿದ್ದೀಯಲ್ಲ ಅಂತ ಕೇಳಿದವರಿಗೆ, ತಾನು ಇರುವುದೇ ಹೀಗಲ್ಲವೇ ಎನ್ನುವ ಅರ್ಥದಲ್ಲಿ ನೇರವಾಗಿ ಉತ್ತರಿಸಿದ್ದಾನೆ. ಆ ಉತ್ತರದಲ್ಲಿ ನನಗೆ ಕಾಣುವುದು ಲೆಕ್ಕಾಚಾರ. ಅಂಥ ಪಾತ್ರ ಎರಡು ಮೂರು ದಿನದ ಕೆಲಸ. ಅದೇ ತಿಂಗಳಲ್ಲಿ ಇನ್ನೊಂದು, ಮತ್ತೊಂದು ಒಪ್ಪಿಕೊಳ್ಳಬಹುದು. ಬೇಗ ಸಾಯುವವನಿಗೆ ಬೇಗ ಬಿಡುಗಡೆ. ಚಿತ್ರ ಸೋತರೆ ಅವನ ಹೆಗಲಿಗೆ ಬರುವುದಿಲ್ಲ, ಗೆದ್ದರೆ ಮುಖ ನೆನಪಿನಲ್ಲಿ ಉಳಿಯುತ್ತದೆ. ಅಮೆರಿಕದಲ್ಲಿ ಇನ್ನೊಂದು ವ್ಯತ್ಯಾಸವಿದೆ. ಗುಂಪಿನಲ್ಲಿ ನಿಂತವನಿಗೆ ದಿನಗೂಲಿ ಮಾತ್ರ. ನಿರ್ದೇಶಕರು ಅವನಿಗೆ ಒಂದು ಸಾಲು ಮಾತು ಕೊಟ್ಟರೆ ಒಪ್ಪಂದವೇ ಬದಲಾಗಿ, ಕಲಾವಿದರ ಯೂನಿಯನ್ನಿಗೆ ಸೇರಲು ದಾರಿಯಾಗುತ್ತದೆ, ಚಿತ್ರ ಟೀವಿಯಲ್ಲಿ ಮರುಪ್ರಸಾರವಾದಾಗಲೂ ಪಾಲು ಬರುತ್ತದೆ. ನಮ್ಮಲ್ಲಿ ಆ ಪಾಲು ಇಲ್ಲದ್ದರಿಂದ ಪೇಮೆಂಟ್ ಎಷ್ಟು, ಯಾವ ದಿನ, ಡಬ್ಬಿಂಗ್ ಸೇರಿದೆಯೋ ಇಲ್ಲವೋ ಎಂಬುದನ್ನು ಕಾಲ್‌ಶೀಟ್ ಕೊಡುವ ಮೊದಲೇ ಬರೆಸಿಕೋ. ಖಳನ ಡಬ್ಬಿಂಗ್ ಅಂದರೆ ಅರ್ಧ ದಿನ ಬರೀ ಕಿರುಚುವುದು, ನರಳುವುದು. ಗಂಟಲು ಕೆಟ್ಟರೆ ಮುಂದಿನ ವಾರದ ಕೆಲಸ ಹೋಗುತ್ತದೆ.

ಹಚ್ಚೆಯ ಬಗ್ಗೆ ಕೇಳಿದ್ದೆ, ಹಾಕಿಸಿಕೊಳ್ಳಲೇ ಅಂತ. ಬೇಡ. ಟ್ರೆಹೋನ ಎದೆಯ ಹಚ್ಚೆ ಸ್ಯಾನ್ ಕ್ವೆಂಟಿನ್‌ನಲ್ಲಿ ಒಬ್ಬ ಸಹಕೈದಿ ಶುರುಮಾಡಿದ್ದು. ನಿರ್ದೇಶಕರು ಅಂಗಿಯ ಗುಂಡಿ ಬಿಚ್ಚಿಸಿದರೆ ಸಾಕು, ಆ ಪಾತ್ರದ ಹಿಂದಿನ ಇಪ್ಪತ್ತು ವರ್ಷವನ್ನು ಮಾತಿನಲ್ಲಿ ಹೇಳಬೇಕಿಲ್ಲ. ಅದು ಅವನ ಬದುಕಿನಿಂದ ಬಂದದ್ದು. ನಿನ್ನ ಎದೆಯ ಮೇಲೆ ಹೊಸದಾಗಿ ಬರೆಸಿದರೆ, ಪೊಲೀಸ್ ಪಾತ್ರಕ್ಕೋ ಮೇಷ್ಟ್ರ ಪಾತ್ರಕ್ಕೋ ಕರೆ ಬಂದ ದಿನ ಮುಚ್ಚಬೇಕಾಗುತ್ತದೆ. ಕಪ್ಪು ಶಾಯಿಯ ಮೇಲೆ ನೇರವಾಗಿ ಮೈಬಣ್ಣ ಬಳಿದರೆ ನೀಲಿಯಾಗಿ ಇಣುಕುತ್ತದೆ. ಮೊದಲು ಕಿತ್ತಳೆಗೆಂಪಿನ ತೆಳು ಪದರ, ಅದು ಒಣಗಿದ ಮೇಲೆ ಮೈಬಣ್ಣ, ಮೇಲೆ ಪೌಡರ್. ಎದೆಯಷ್ಟು ಜಾಗಕ್ಕೆ ಒಂದು ಗಂಟೆಯಾದರೂ ಬೇಕು. ಫೈಟಿನ ಬೆವರಿಗೆ ಅದೂ ಅಂಚಿನಿಂದ ಬಿರಿಯುತ್ತದೆ. ಅದರ ಬದಲು ಪಾತ್ರಕ್ಕೆ ಬೇಕಾದಾಗ ಅಂಟಿಸುವ ಹಚ್ಚೆ ಬಳಸು. ಅಂಟಿಸಿದ ಕೂಡಲೇ ಅಳತೆಪಟ್ಟಿ ಹಿಡಿದು ಫೋಟೊ ತೆಗೆಸು, ಇಲ್ಲದಿದ್ದರೆ ಮರುದಿನ ಎರಡು ಬೆರಳು ಪಕ್ಕಕ್ಕೆ ಕೂತು ಎಡಿಟಿಂಗ್ ಟೇಬಲ್ ಮೇಲೆ ಸಿಕ್ಕಿಬೀಳುತ್ತದೆ. ಶಾಶ್ವತ ಹಚ್ಚೆಯೇ ಇದ್ದರೆ ಬರೆದವನಿಂದ ಒಪ್ಪಿಗೆ ಪತ್ರ ತೆಗೆದುಕೋ. ಮೈಕ್ ಟೈಸನ್‌ನ ಮುಖದ ಹಚ್ಚೆಯ ಮಾದರಿಯನ್ನು ಇನ್ನೊಬ್ಬ ನಟನ ಮುಖದ ಮೇಲೆ ಬಳಸಿದ್ದಕ್ಕೆ 2011ರಲ್ಲಿ ಆ ಹಚ್ಚೆಗಾರ ದೊಡ್ಡ ಸ್ಟುಡಿಯೋ ಮೇಲೆ ಮೊಕದ್ದಮೆ ಹೂಡಿದ, ಕೊನೆಗೆ ರಾಜಿಯಾಯಿತು.

ಈಗ ‘ಡೆಸ್ಪರಾಡೋ’ಗೆ ಬರುತ್ತೇನೆ. 1995ರ ಚಿತ್ರ, ರಾಬರ್ಟ್ ರೊಡ್ರಿಗೆಸ್ ನಿರ್ದೇಶನ, ಅಮೆರಿಕದ ಗಡಿಗೆ ಅಂಟಿಕೊಂಡ ಮೆಕ್ಸಿಕೋದ ಸಿಯುದಾದ್ ಅಕುನ್ಯಾದಲ್ಲಿ ಚಿತ್ರೀಕರಣ. ಟ್ರೆಹೋನ ಪಾತ್ರದ ಹೆಸರು ನವಾಹಾಸ್, ಸ್ಪ್ಯಾನಿಷ್‌ನಲ್ಲಿ ಚಾಕುಗಳು ಅಂತ. ಒಂದೂ ಮಾತಿಲ್ಲ. ಕಪ್ಪು ವೇಸ್ಟ್‌ಕೋಟಿನ ಒಳಗೆ ಸಾಲಾಗಿ ಎಸೆಯುವ ಚಾಕುಗಳು, ಅಷ್ಟೇ. ಕೊನೆಗೆ ಅವನನ್ನು ಕೊಲ್ಲುವುದು ನಾಯಕನಲ್ಲ. ಗುರುತು ಸಿಗದೆ ಖಳನ ಕಡೆಯವರೇ ಗುಂಡಿಕ್ಕುತ್ತಾರೆ. ಆ ಚಿತ್ರ ನೋಡಿದವರು ಕಥೆ ಮರೆತರೂ ಈ ಮನುಷ್ಯನನ್ನು ಮರೆಯುವುದಿಲ್ಲ. ಮಾತಿಲ್ಲದ ಪಾತ್ರದಲ್ಲಿ ನಟನಿಗೆ ಉಳಿಯುವುದು ನಡಿಗೆ ಮತ್ತು ಕೈ. ಅವನ ನಡಿಗೆಯಲ್ಲಿ ಆತುರವಿಲ್ಲ ನೋಡು.

ಚಾಕು ಎಸೆತದ ಒಳಗುಟ್ಟು ಹೇಳುತ್ತೇನೆ, ನಿನಗೆ ಬೇಕಾಗುತ್ತದೆ. ನಿಜವಾಗಿ ಎಸೆದ ಚಾಕು ಗಾಳಿಯಲ್ಲಿ ಸುತ್ತುತ್ತದೆ. ಅರ್ಧ ಸುತ್ತಿಗೆ ಸುಮಾರು ಎರಡು ಮೀಟರ್ ದೂರ ಬೇಕು, ಪೂರ್ತಿ ಸುತ್ತಿಗೆ ಮೂರರಿಂದ ನಾಲ್ಕು. ನಿಂತ ಜಾಗ ಒಂದು ಹೆಜ್ಜೆ ಹೆಚ್ಚುಕಮ್ಮಿಯಾದರೆ ಮೊನೆಯ ಬದಲು ಹಿಡಿ ಹೋಗಿ ಬಡಿಯುತ್ತದೆ. ಆದ್ದರಿಂದ ಎದುರಿಗೆ ಮನುಷ್ಯನಿದ್ದರೆ ಯಾರೂ ನಿಜದ ಚಾಕು ಎಸೆಯುವುದಿಲ್ಲ, ಎಸೆಯಲೂಬಾರದು. ಒಂದು ಶಾಟ್‌ನಲ್ಲಿ ಕೈ ಬೀಸುವುದು, ಕ್ಯಾಮೆರಾದ ಆಚೆ ಖಾಲಿ ಜಾಗಕ್ಕೆ. ಇನ್ನೊಂದರಲ್ಲಿ ಚಾಕು ನೆಟ್ಟ ಮೈ. ಅದಕ್ಕೆ ಅಂಗಿಯ ಒಳಗೆ ಹಲಗೆ ಕಟ್ಟಿ, ಅಲಗು ಕತ್ತರಿಸಿದ ಹಿಡಿಯನ್ನು ತಿರುಪು ಹಾಕಿ ನಿಲ್ಲಿಸುತ್ತಾರೆ. ಒಂದೇ ಚಾಕುವಿಗೆ ಮೂರು ನಕಲು ಇರಬೇಕು: ಕ್ಲೋಸಪ್ಪಿಗೆ ಹೊಳೆಯುವ ಲೋಹದ್ದು, ನಡುದೂರಕ್ಕೆ ಮೊಂಡು ಅಲ್ಯುಮಿನಿಯಮ್‌ನದು, ಓಡುವಾಗ ಬೀಳುವಾಗ ರಬ್ಬರಿನದು. ರಬ್ಬರ್ ಚಾಕು ಓಟದಲ್ಲಿ ಬಾಳೆ ಎಲೆಯ ಹಾಗೆ ಅಲ್ಲಾಡುತ್ತದೆ, ಅದನ್ನು ತೊಡೆಗೆ ಒತ್ತಿ ಹಿಡಿದು ಓಡುವುದು ಅಭ್ಯಾಸವಾಗಬೇಕು. ಎಲ್ಲಕ್ಕಿಂತ ಹೆಚ್ಚು ಎಡವುವುದು ಕಂಟಿನ್ಯುಟಿಯಲ್ಲಿ, ಅಂದರೆ ಒಂದು ಶಾಟ್‌ಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆಯಲ್ಲಿ. ಎಂಟು ಚಾಕುಗಳಲ್ಲಿ ಮೂರು ಎಸೆದಾಗಿದ್ದರೆ ಮುಂದಿನ ಶಾಟ್‌ನಲ್ಲಿ ಐದೇ ಇರಬೇಕು, ಯಾವ ಮೂರು ತೂತು ಖಾಲಿ ಎನ್ನುವುದೂ ಹೊಂದಬೇಕು. ಸಹಾಯಕ ನಿರ್ದೇಶಕರು ನೋಡಿಕೊಳ್ಳುತ್ತಾರೆ ಅಂತ ಬಿಡಬೇಡ. ತನ್ನ ಚಾಕು ತಾನೇ ಎಣಿಸುವ ನಟನನ್ನು ಆ ಸಹಾಯಕರು ನಾಳೆ ಬೇರೆ ಚಿತ್ರಕ್ಕೆ ಹೇಳಿ ಕರೆಸುತ್ತಾರೆ.

ಸಾಯುವ ವಿಷಯಕ್ಕೆ ಬಂದರೆ, ಗುಂಡೇಟಿನ ಸಾವಿಗೆ ನಟನಿಗೆ ಸಿಗುವುದು ಹೆಚ್ಚೆಂದರೆ ಮೂರು ಅವಕಾಶ, ಏಕೆಂದರೆ ಅಷ್ಟೇ ಅಂಗಿ ತಂದಿರುತ್ತಾರೆ. ಅಂಗಿಯ ಒಳಗೆ ಲೋಹದ ಸಣ್ಣ ತಟ್ಟೆ, ಅದರ ಕೆಳಗೆ ಮೆತ್ತೆ, ಮೇಲೆ ಕಡಲೆಯಷ್ಟು ಸ್ಫೋಟಕ, ಅದರ ಮೇಲೆ ಎರಡು ಮೂರು ಚಮಚ ನಕಲಿ ರಕ್ತದ ತೆಳು ಚೀಲ. ತಂತಿ ಪ್ಯಾಂಟಿನ ಕಾಲಿನೊಳಗಿಂದ ಇಳಿದು ಬ್ಯಾಟರಿ ಪೆಟ್ಟಿಗೆ ಸೇರುತ್ತದೆ. ಬಟ್ಟೆಯನ್ನು ಒಳಗಿನಿಂದ ಉಪ್ಪುಕಾಗದ ಹಾಕಿ ಉಜ್ಜಿ ತೆಳುವಾಗಿಸಿರಬೇಕು. ಉಜ್ಜದಿದ್ದರೆ ಸಿಡಿದದ್ದು ಒಳಗೇ ಉಳಿದು ಬಟ್ಟೆ ಉಬ್ಬುತ್ತದೆ, ತೂತು ಬೀಳುವುದಿಲ್ಲ. ಬೆವರಿಗೆ ತಂತಿಯ ಜೋಡಣೆ ಒದ್ದೆಯಾದರೆ ಸಿಡಿಯುವುದೇ ಇಲ್ಲ. ಆಗ ಕೈಯಿಂದ ಮುಟ್ಟಿ ನೋಡಲು ಹೋಗಬೇಡ. ತಂತಿ ಬಿಚ್ಚಿದೆ ಅಂತ ತಜ್ಞ ಬಂದು ಹೇಳುವವರೆಗೆ ಕೈ ಅಗಲಿಸಿ ನಿಂತಿರು. ಸಿಡಿಯುವ ಹೊತ್ತಿಗೆ ಮುಖ ಅದರ ಮೇಲೆ ಬಾಗಿರಬಾರದು. ಇನ್ನು ನಟನೆ ಕೆಡುವುದು ಸದ್ದಿಗೆ ಮೊದಲೇ ಕಣ್ಣು ಮುಚ್ಚುವುದರಿಂದ. ಮನಸ್ಸಿನಲ್ಲಿ ಒಂದು ಎರಡು ಎಣಿಸುತ್ತ ಕಾದರೆ ಅದು ಕಣ್ಣಿನಲ್ಲಿ ಕಾಣುತ್ತದೆ. ಎದುರಿಗಿರುವವನನ್ನು ಕೊಲ್ಲುವುದರಲ್ಲೇ ಗಮನವಿಟ್ಟವನು ಸರಿಯಾಗಿ ಸಾಯುತ್ತಾನೆ.

1997ರ ‘ಅನಕೊಂಡ’ದ ಮೊದಲ ದೃಶ್ಯ ನೆನಪಿದೆಯಾ? ದೋಣಿಯ ಕಂಬ ಹತ್ತಿದ ಕಳ್ಳಬೇಟೆಗಾರ, ಹಾವಿನ ಬಾಯಿಗೆ ಬೀಳುವುದಕ್ಕಿಂತ ಮೇಲು ಅಂತ ತಲೆಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾನೆ. ಅದು ಟ್ರೆಹೋ. ಇಂಥ ಶಾಟ್ ಬಂದಾಗ ಖಾಲಿ ತೋಟಾ ಅಲ್ಲವೇ, ಏನಾಗುತ್ತದೆ ಅನ್ನುವವರ ಮಾತು ಕೇಳಬೇಡ. 1984ರಲ್ಲಿ ಜಾನ್ ಎರಿಕ್ ಹೆಕ್ಸಮ್ ಎಂಬ ನಟ ಸೆಟ್‌ನಲ್ಲಿ ಖಾಲಿ ತೋಟಾ ತುಂಬಿದ ಗನ್ನನ್ನು ಕಣತಲೆಗೆ ಹಿಡಿದು ಹಾರಿಸಿಕೊಂಡು ಸತ್ತ. ಸೀಸದ ಗುಂಡಿಲ್ಲದಿದ್ದರೂ ಮದ್ದಿನ ಅನಿಲ ಮತ್ತು ಮುಚ್ಚಳದ ಕಾಗದವೇ ಅಷ್ಟು ಹತ್ತಿರದಲ್ಲಿ ಮೂಳೆ ಮುರಿಯುತ್ತದೆ. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ನಳಿಗೆಯೊಳಗೆ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಖಾಲಿ ತೋಟಾ ಹೊರದಬ್ಬಿದ್ದರಿಂದ. ಮೈಗೆ ತಾಗಿಸುವ ಗನ್ ಗುಂಡು ಹಾರಿಸಲಾಗದ ನಕಲಿಯೇ ಆಗಿರಬೇಕು. ಸದ್ದು, ಬೆಂಕಿ ಆಮೇಲೆ ಸೇರಿಸಿಕೊಳ್ಳಲಿ. ಇದನ್ನು ಹೇಳಿದ್ದಕ್ಕೆ ಪಾತ್ರ ಹೋದರೆ ಹೋಗಲಿ ಕಣೋ.

ಟ್ರೆಹೋನಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಸಂಗತಿಯೂ ಇದರ ಪಕ್ಕದಲ್ಲೇ ಇದೆ. ಅಷ್ಟು ಗಟ್ಟಿಮುಟ್ಟಾದ ಮನುಷ್ಯ ತನ್ನ ಸಾಹಸ ದೃಶ್ಯಗಳನ್ನು ತಾನು ಮಾಡುವುದಿಲ್ಲ, ಡ್ಯೂಪ್ ಮಾಡುತ್ತಾನೆ ಅಂತ ಎಲ್ಲರೆದುರು ಹೇಳುತ್ತಾನೆ. ಅವನು ಕೊಡುವ ಕಾರಣ ಇಷ್ಟು: ತಾನು ಹಾರಿ ಕಾಲು ಮುರಿದುಕೊಂಡರೆ ಚಿತ್ರೀಕರಣ ನಿಲ್ಲುತ್ತದೆ, ಎಂಬತ್ತು ಜನರ ಕೂಲಿ ಹೋಗುತ್ತದೆ. ಡ್ಯೂಪ್ ಬಳಸಿಲ್ಲ ಎಂಬುದನ್ನು ನಮ್ಮಲ್ಲಿ ಪೋಸ್ಟರ್ ಮೇಲೆ ಹಾಕುವಷ್ಟು ಹೆಮ್ಮೆ ಮಾಡಿಕೊಂಡಿದ್ದೇವೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಇಬ್ಬರೂ ಬೆಳೆಯುತ್ತಿದ್ದ ಖಳನಟರು, ನೀನು ಕೇಳುತ್ತಿರುವ ಪಾತ್ರಗಳನ್ನೇ ಮಾಡುತ್ತಿದ್ದವರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಎತ್ತರದಿಂದ ನೀರಿಗೆ ಬಿದ್ದಾಗ ಉಸಿರು ಹೊರಗೆ ಹೋಗುತ್ತದೆ, ದಿಕ್ಕು ತಪ್ಪುತ್ತದೆ. ಈಜು ಬಲ್ಲವನಿಗೂ ಮೊದಲ ಅರ್ಧ ನಿಮಿಷ ಕಷ್ಟ. ಆದ್ದರಿಂದ ಜಿಗಿಯುವ ಮೊದಲೇ ನೀರಿನಲ್ಲಿ ದೋಣಿ, ಅದರಲ್ಲಿ ಎಂಜಿನ್ ಚಾಲೂ, ಪಕ್ಕದಲ್ಲಿ ಮುಳುಗುಗಾರರು, ಬಟ್ಟೆಯ ಒಳಗೆ ತೆಳು ಲೈಫ್ ಜಾಕೆಟ್ ಇಷ್ಟೂ ಇರಬೇಕು. ಇಲ್ಲದಿದ್ದರೆ ಶಾಟ್ ಇಲ್ಲ. ಹಗ್ಗದ ಶಾಟ್ ಆದರೆ ಹಾರ್ನೆಸ್‌ನ ಬಕಲ್ ನಿನ್ನ ಕಣ್ಣಿನಿಂದ ನೋಡು, ನಿನ್ನ ತೂಕದ ಮರಳುಚೀಲವನ್ನು ಮೊದಲು ಎಳೆಸಿ ತೋರಿಸಲು ಫೈಟ್ ಮಾಸ್ಟರನ್ನು ಕೇಳು. ಒಳ್ಳೆಯ ಮಾಸ್ಟರ್ ಯಾರೂ ಇದಕ್ಕೆ ಬೇಸರಪಡುವುದಿಲ್ಲ.

ನಾಯಕನಾದದ್ದು ಯಾವಾಗ ಅಂತ ಕೇಳುತ್ತೀಯ. 66ನೇ ವಯಸ್ಸಿನಲ್ಲಿ. ‘ಡೆಸ್ಪರಾಡೋ’ ಸೆಟ್‌ನಲ್ಲಿ ಮಾತಾಡುತ್ತ ಮಾತಾಡುತ್ತ ತಾನೂ ರೊಡ್ರಿಗೆಸ್‌ನೂ ದೂರದ ದಾಯಾದಿಗಳು ಅಂತ ಗೊತ್ತಾಯಿತು. ಮಚೆಟೆ ಎಂಬ ಪಾತ್ರವನ್ನು ನಿರ್ದೇಶಕ ಆಗಿನಿಂದಲೇ ಇವನಿಗಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. 2001ರಲ್ಲಿ ಮಕ್ಕಳ ಚಿತ್ರವೊಂದರಲ್ಲಿ ಆ ಹೆಸರಿನ ದೊಡ್ಡಪ್ಪನಾಗಿ ಬಂದ, 2007ರಲ್ಲಿ ಇಲ್ಲದ ಚಿತ್ರಕ್ಕೆ ಮಾಡಿದ ನಕಲಿ ಟ್ರೇಲರ್‌ನಲ್ಲಿ ಬಂದ, ಜನ ಚಿತ್ರ ಎಲ್ಲಿ ಅಂತ ಕೇಳತೊಡಗಿದ ಮೇಲೆ 2010ರ ಸೆಪ್ಟೆಂಬರ್‌ನಲ್ಲಿ ಚಿತ್ರವೇ ಬಂತು. ರಾಬರ್ಟ್ ಡಿ ನಿರೋ ಅದರಲ್ಲಿ ಖಳರ ಸಾಲಿನಲ್ಲಿದ್ದ. ನಡುವಿನ ಹದಿನೈದು ವರ್ಷ ಟ್ರೆಹೋ ಆ ಪಾತ್ರಕ್ಕೆ ಕಾದು ಕೂರಲಿಲ್ಲ. ‘ಕಾನ್ ಏರ್’ ವಿಮಾನದಲ್ಲಿ ಕೈದಿಯಾದ, ಕಡಲುಗಳ್ಳನಾದ, ಟೀವಿಯಲ್ಲಿ ‘ಬ್ರೇಕಿಂಗ್ ಬ್ಯಾಡ್’ಗೆ ಹೋಗಿ ಆಮೆಯ ಬೆನ್ನೇರಿದ ಕತ್ತರಿಸಿದ ತಲೆಯಾದ. 2016ರಿಂದ ಲಾಸ್ ಏಂಜಲೀಸ್‌ನಲ್ಲಿ ಅವನ ಹೆಸರಿನ ಟಾಕೋ (ಮೆಕ್ಸಿಕನ್ ತಿಂಡಿ) ಅಂಗಡಿಗಳೂ ಇವೆ. ಕಸುಬಿಗೆ ವಯಸ್ಸಾದಾಗ ಊಟಕ್ಕೆ ಬೇರೆ ದಾರಿ ಇರಬೇಕು ಎಂಬುದನ್ನೂ ಅವನು ಸಕಾಲಕ್ಕೆ ನೋಡಿಕೊಂಡ.

2019ರ ಆಗಸ್ಟ್‌ನಲ್ಲಿ, 75ನೇ ವಯಸ್ಸಿನಲ್ಲಿ, ಸಿಲ್ಮಾರ್ ಎಂಬಲ್ಲಿ ಅವನ ಕಣ್ಣೆದುರೇ ಒಂದು ಕಾರು ಮಗುಚಿತು. ಒಳಗೆ ಪುಟ್ಟ ಮಗು. ಟ್ರೆಹೋ ತೆವಳಿಕೊಂಡು ಹೋದ, ಅವನಿದ್ದ ಕಡೆಯಿಂದ ಸೀಟ್ ಬೆಲ್ಟ್ ಬಿಚ್ಚಲು ಆಗಲಿಲ್ಲ. ಇನ್ನೊಂದು ಕಡೆಯಿಂದ ಬಂದ ಹೆಂಗಸೊಬ್ಬಳು ಬಿಚ್ಚಿದಳು, ಇವನು ಮಗುವನ್ನು ಹೊರಗೆಳೆದ. ಆ ದಿನ ಡ್ಯೂಪ್ ಇರಲಿಲ್ಲ.

ನಿನ್ನ ಆಡಿಷನ್‌ಗೆ ಇನ್ನೂ ವಾರವಿದೆಯಲ್ಲ, ಅಷ್ಟರೊಳಗೆ ಮೈಕಲ್ ಮಾನ್‌ನ ‘ಹೀಟ್’ ನೋಡು, 1995ರದು. ಅದರಲ್ಲಿ ಅವನ ಪಾತ್ರದ ಹೆಸರೂ ಟ್ರೆಹೋ. ದರೋಡೆ ತಂಡದ ಡ್ರೈವರ್, ದೃಶ್ಯಗಳು ಕಡಿಮೆ. ಕೊನೆಗೆ ಜಜ್ಜಿಹೋದ ಮೈಯಲ್ಲಿ ತನ್ನ ಮನೆಯ ನೆಲದ ಮೇಲೆ ಬಿದ್ದಿರುತ್ತಾನೆ, ಹೆಂಡತಿ ಸತ್ತಿದ್ದಾಳೆ, ಎದುರಿಗೆ ಡಿ ನಿರೋ. ನನ್ನನ್ನು ಹೀಗೇ ಬಿಟ್ಟು ಹೋಗಬೇಡ ಅಂತ ಕೇಳಿಕೊಳ್ಳುತ್ತಾನೆ. ಮೊದಲ ಸಲ ಧ್ವನಿ ಹಾಕಿಕೊಂಡು ನೋಡು. ಎರಡನೇ ಸಲ ಧ್ವನಿ ತೆಗೆದು, ಅವನ ಬಾಯಿ ಕುತ್ತಿಗೆ ಬಿಟ್ಟರೆ ಮೈಯ ಯಾವ ಭಾಗ ಅಲ್ಲಾಡುತ್ತದೆ ಅಂತ ಗಮನಿಸು. ನೋಡಿದ ರಾತ್ರಿಯೇ ಫೋನ್ ಮಾಡು.

ನಿನ್ನ ಗೆಳೆಯ